ಸಹಾಯ ಬೇಕು: ಹಾಸಿಗೆ ಹಿಡಿದ ಮಾವನ ಆರೈಕೆಗೆ ಯಾರನ್ನು ಕೇಳಬೇಕು?

ಎಲ್ಲರಿಗೂ ನಮಸ್ಕಾರ. ಮಲೆನಾಡಿನ ಹಳ್ಳಿಯಲ್ಲಿರುವ ನನ್ನ ಸೋದರಮಾವನಿಗೆ ಲಕ್ವ ಹೊಡೆದು ಬಲಭಾಗದ ಸ್ವಾಧೀನ ತಪ್ಪಿದೆ. ವಯಸ್ಸು 74. ನೋಡಿಕೊಳ್ಳುವವರು ಅತ್ತೆ ಒಬ್ಬರೇ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲು ರಾತ್ರಿಯೂ ಅಲಾರಾಂ ಇಟ್ಟುಕೊಂಡು ಏಳುತ್ತಾರೆ. ಆದರೂ ಸೊಂಟದ ಕೆಳಗೆ, ಮೂಳೆ ಒತ್ತುವ ಕಡೆ, ಚರ್ಮ ಕೆಂಪಾಗಿ ಬಿರಿಯತೊಡಗಿದೆ. ನನ್ನ ದೊಡ್ಡ ಭಯ ಅದೇ.

ಸೌಲಭ್ಯಗಳೇ ಇಲ್ಲವೆಂದಲ್ಲ. ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಹಾಸಿಗೆ ಹಿಡಿದವರ ಮನೆಭೇಟಿಗೆ ಅವಕಾಶವಿದೆ. ಪಂಚಾಯಿತಿಗಳಲ್ಲಿ ಅಂಗವಿಕಲರಿಗೆ ನೆರವಾಗುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ನಮ್ಮ ಆಶಾ ಕಾರ್ಯಕರ್ತೆಯಂತೂ ಮಳೆಯಲ್ಲೂ ಬಂದು ವಿಚಾರಿಸಿ ಹೋಗುತ್ತಾರೆ, ಅವರ ಋಣ ದೊಡ್ಡದು. ಆದರೆ ಹುಣ್ಣಿನ ಡ್ರೆಸ್ಸಿಂಗ್ ಒಬ್ಬರ ಕೆಲಸ, ವ್ಯಾಯಾಮ ಇನ್ನೊಬ್ಬರದು, ಯುಡಿಐಡಿ ಕಾರ್ಡು (ಅಂಗವಿಕಲರ ಗುರುತಿನ ಚೀಟಿ) ಮತ್ತು ಪಿಂಚಣಿಗೆ ಬೇರೆ ಬೇರೆ ಕಚೇರಿ. ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ತಿಳಿಯುವುದಿಲ್ಲ. ಕಾಗದ ಹಿಡಿದು ಓಡಾಡಬೇಕಾದ ಅತ್ತೆ ಮನೆ ಬಿಟ್ಟು ಕದಲುವಂತಿಲ್ಲ. ಕೇರಳದಲ್ಲಿ 2008ರಲ್ಲೇ ಉಪಶಾಮಕ ಆರೈಕೆಯ (ದೀರ್ಘ ಕಾಯಿಲೆಯವರ ನೋವು, ನರಳಾಟ ತಗ್ಗಿಸುವ ಆರೈಕೆ) ನೀತಿ ಬಂತು. ಅಲ್ಲಿ ಪಂಚಾಯಿತಿಯ ಮೂಲಕವೇ ದಾದಿಯರು ಮನೆಗೆ ಬರುತ್ತಾರೆ. ನಮ್ಮಲ್ಲಿ ಏಕಾಗಬಾರದು?

ಇವರೆಲ್ಲರನ್ನೂ ಒಂದುಗೂಡಿಸಲು ಅರ್ಜಿ ಕೊಡಬೇಕಾದದ್ದು ತಾಲ್ಲೂಕು ಆರೋಗ್ಯಾಧಿಕಾರಿಗೋ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೋ (ಪಿಡಿಒ)? ಎದ್ದು ಬರಲಾಗದವರಿಗೆ ವೈದ್ಯರು ಮನೆಗೇ ಬಂದು ಅಂಗವಿಕಲತೆಯ ಪ್ರಮಾಣಪತ್ರ ಕೊಟ್ಟದ್ದುಂಟೇ? ಹಿರಿಯರ ಸಹಾಯವಾಣಿ 14567ರಿಂದ ಇಂತಹ ಕೆಲಸ ಆಗಿದ್ದರೆ, ಏನೆಂದು ಕೇಳಿದಿರಿ ಎಂಬುದನ್ನೂ ದಯವಿಟ್ಟು ಬರೆಯಿರಿ. ಶಿವಮೊಗ್ಗ, ಚಿಕ್ಕಮಗಳೂರು ಕಡೆ ಬಳಸದೆ ಇಟ್ಟಿರುವ ಗಾಳಿ ಹಾಸಿಗೆ ಯಾರಲ್ಲಾದರೂ ಇದ್ದರೆ ತಿಳಿಸಿ, ನಾನೇ ಬಂದು ಒಯ್ಯುತ್ತೇನೆ.