ಸುಟ್ಟುಹೋಗುವ ಭೂಮಿಯನ್ನು ಕಾಯಬೇಕೇ?

ಪ್ರಶ್ನೆ (ಧಾರವಾಡದಿಂದ)

2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಆ ನೆನಪಿನಲ್ಲೇ ನಮ್ಮ ಕ್ರೈಸ್ತ ಸಭೆಯ ಸತ್ಯವೇದ (ಬೈಬಲ್) ಅಧ್ಯಯನದಲ್ಲಿ, ಆಲಯದ ಚಾವಣಿಯ ಮಳೆನೀರನ್ನು ಇಂಗಿಸಿ ಸೌರಫಲಕ ಹಾಕಿಸೋಣವೆಂದು ನಾನು ಸೂಚಿಸಿದೆ. ಹಿರಿಯರೊಬ್ಬರು 2 ಪೇತ್ರ 3:10ನ್ನು ತೆರೆದು, ಭೂಮಿಯೂ ಅದರಲ್ಲಿರುವ ಕೆಲಸಗಳೂ ಸುಟ್ಟುಹೋಗಲಿರುವಾಗ ಆ ಮನೆಗೆ ಸುಣ್ಣ ಬಳಿಯುವುದೇಕೆ ಎಂದು ಕೇಳಿದರು. ಭೂಮಿಯ ಮೇಲೆ ದೊರೆತನ ಮಾಡಲು ದೇವರೇ ಅಪ್ಪಣೆ ಕೊಟ್ಟಿದ್ದಾನೆ ಎಂದೂ ಸೇರಿಸಿದರು. ಅವರಿಗೆ ಅಂಕಿಅಂಶಗಳು ರುಚಿಸವು, ವಚನದಿಂದಲೇ ಉತ್ತರ ಬೇಕು.

ಮೊದಲ ಉತ್ತರ

ಹಿರಿಯರು ನಾಲ್ಕು ವಚನ ಹಿಂದಕ್ಕೆ ಹೋಗಿದ್ದರೆ ಸಾಕಿತ್ತು. ಬರಲಿರುವ ಬೆಂಕಿಯನ್ನು ಪೇತ್ರನ ಆ ಪತ್ರವೇ ಜಲಪ್ರಳಯದ ಪಕ್ಕದಲ್ಲಿಟ್ಟು ತೋರಿಸುತ್ತದೆ: ಅಂದಿನ ಲೋಕ ನೀರಿನಲ್ಲಿ ನಾಶವಾಯಿತು ಎನ್ನುತ್ತದೆ, ಆದರೆ ಭೂಮಿ ಉಳಿಯಿತು. ಪ್ರಳಯ ಬರುವುದು ನೋಹನಿಗೆ ಖಚಿತವಾಗಿ ಗೊತ್ತಿತ್ತು; ಆದರೂ ಹೇಗೂ ಮುಳುಗುವ ಪ್ರಾಣಿಗಳ ಚಿಂತೆ ನನಗೇಕೆ ಎನ್ನದೆ ಅವುಗಳನ್ನು ನಾವೆಗೆ ಸೇರಿಸಿದ, ಏಕೆಂದರೆ ದೇವರ ಆಜ್ಞೆ ಅದೇ ಆಗಿತ್ತು. ಮುಂದೆ ಆದಿಕಾಂಡ 9ರ ಒಡಂಬಡಿಕೆಯೂ ನೋಹನ ಮನೆಯವರೊಡನೆ ಮಾತ್ರವಲ್ಲದೆ ನಾವೆಯಿಂದ ಇಳಿದ ಎಲ್ಲ ಜೀವಿಗಳೊಡನೆಯೂ ಆಯಿತು. ಇನ್ನೊಂದು ಮಾತು: ಸಿನಾಯ್ ಮತ್ತು ವ್ಯಾಟಿಕನ್ ಹಸ್ತಪ್ರತಿಗಳಂಥ ಹಳೆಯ ಗ್ರೀಕ್ ಪ್ರತಿಗಳಲ್ಲಿ ಹಿರಿಯರು ಓದಿದ ವಚನದ ಕೊನೆಯಲ್ಲಿರುವುದು ‘ಸುಟ್ಟುಹೋಗುವವು’ ಎಂಬುದಲ್ಲ, ‘ಕಂಡುಬರುವವು’ ಎಂಬ ಅರ್ಥದ ಪದ. ಹಾಗೆ ಓದಿದರೆ ನಾವು ಭೂಮಿಯಲ್ಲಿ ಮಾಡಿದ್ದೆಲ್ಲ ಬಯಲಿಗೆ ಬರುತ್ತದೆ. ಅದು ಇನ್ನಷ್ಟು ಅಂಜಿಕೆಯ ಮಾತು.

ಎರಡನೆಯ ಉತ್ತರ

ದೊರೆತನದ ಬಗ್ಗೆ: ಕೀರ್ತನೆ 72ರ ಅರಸನು ದರಿದ್ರರನ್ನು ರಕ್ಷಿಸುತ್ತಾನೆ, ಹುಲ್ಲಿನ ಮೇಲೆ ಸುರಿಯುವ ಮಳೆಯಂತೆ ಬರುತ್ತಾನೆ. ದೊರೆತನವೆಂದರೆ ಸೂರೆಯಲ್ಲ. ಇನ್ನು ಆದಿಕಾಂಡ 2:15ರಲ್ಲಿ ಮನುಷ್ಯನನ್ನು ಏದೆನ್ ತೋಟದಲ್ಲಿ ಇಟ್ಟದ್ದು ವ್ಯವಸಾಯ ಮಾಡುವುದಕ್ಕೂ ಕಾಯುವುದಕ್ಕೂ. ಈ ‘ಕಾಯು’ ಎಂಬುದರ ಹೀಬ್ರೂ ಧಾತುವೇ ಕಾಯಿನನು ತಾನು ಕೊಂದ ತಮ್ಮನ ವಿಷಯದಲ್ಲಿ, ಅವನನ್ನು ಕಾಯುವವನು ನಾನೋ ಎಂದು ಜಾರಿಕೊಂಡಾಗಲೂ ಬರುತ್ತದೆ. ಹವಾಮಾನದ ವಿಷಯದಲ್ಲಿ ಈ ಎರಡು ಕಾಯುವಿಕೆಗಳನ್ನು ಬೇರ್ಪಡಿಸಲಾಗದು, ಏಕೆಂದರೆ ಮಳೆ ತಪ್ಪಿದಾಗ ಮೊದಲು ಗುಳೆ ಹೋಗುವವನು ಕಾರನ್ನೂ ಏಸಿಯನ್ನೂ ಕಾಣದ ಕೂಲಿಯವನು.

ಮೂರನೆಯ ಉತ್ತರ (ಮಂಗಳೂರಿನಿಂದ)

ನಾನು ಕಥೋಲಿಕ. ಸೆಪ್ಟೆಂಬರ್ 8ರ ಮೊಂತಿ ಹಬ್ಬದಲ್ಲಿ, ಅಂದರೆ ಮರಿಯಮ್ಮನ ಜನ್ಮದಿನದಂದು, ಹೊಸ ತೆನೆಯನ್ನು ಚರ್ಚಿನಲ್ಲಿ ಆಶೀರ್ವದಿಸಿ ಮನೆಗೊಯ್ದು, ಅದರ ಕಾಳನ್ನು ಹಾಲಿಗೋ ಪಾಯಸಕ್ಕೋ ಬೆರೆಸಿ ಉಣ್ಣುತ್ತೇವೆ. ಗದ್ದೆಗಳು ಸೈಟುಗಳಾದ ಮೇಲೆ ತೆನೆಯನ್ನು ಬೇರೆಡೆಯಿಂದ ತರಿಸಬೇಕಾಗಿದೆ. ಪೋಪ್ ಫ್ರಾನ್ಸಿಸ್ 2015ರ ತಮ್ಮ ವಿಶ್ವಪತ್ರದಲ್ಲಿ ಭೂಮಿಯ ಕೂಗೂ ಬಡವರ ಕೂಗೂ ಒಂದೇ ಎಂಬಂತೆ ಬರೆದದ್ದು ನನಗೆ ಅರ್ಥವಾದದ್ದು ಆ ತೆನೆ ಹಿಡಿದು ನಿಂತಾಗ. ಆದರೆ ಕ್ರೈಸ್ತರಾದ ನಮ್ಮೆಲ್ಲರ ಕೈಯೂ ಶುದ್ಧವಲ್ಲ: 1865ರಲ್ಲಿ ಪ್ರೊಟೆಸ್ಟೆಂಟರ ಬಾಸೆಲ್ ಮಿಷನ್ ಇಲ್ಲಿ ಆರಂಭಿಸಿದ ಹೆಂಚಿನ ಕಾರ್ಖಾನೆ ಎಷ್ಟೋ ಜನರಿಗೆ ಅನ್ನ ಕೊಟ್ಟಿತು, ಜೊತೆಗೆ ಅದರ ಭಟ್ಟಿಗೆ ಸೌದೆಯೂ ಬೇಕಾಯಿತು. ಆದ್ದರಿಂದ ಸೌರಫಲಕ ಹಾಕಿಸುವ ಮೊದಲು ಒಂದು ವರ್ಷದ ವಿದ್ಯುತ್ ಬಿಲ್ಲನ್ನು ಸಭೆಯ ಮುಂದೆ ಓದಿಸಿ.

ಪ್ರಶ್ನೆ ಕೇಳಿದವರು

ವಂದನೆಗಳು. ಹಸ್ತಪ್ರತಿಯ ವಾದವನ್ನು ಹಿರಿಯರು ಸುಲಭವಾಗಿ ಒಪ್ಪಲಾರರು, ಆದರೆ ನೋಹನನ್ನು ಅವರು ಬಿಟ್ಟುಕೊಡುವವರಲ್ಲ. ಭಾನುವಾರ ಅಲ್ಲಿಂದಲೇ ಆರಂಭಿಸುತ್ತೇನೆ. ಬಿಲ್ಲುಗಳನ್ನು ಖಜಾಂಚಿಯವರಿಂದ ಈಗಾಗಲೇ ಕೇಳಿದ್ದೇನೆ.