ನದಿಯ ‘ಬ್ಯಾಂಕ್’ ಮತ್ತು ಹಣದ ‘ಬ್ಯಾಂಕ್’: ಇವು ಒಂದೇ ಪದವೇ?

ಪ್ರಶ್ನೆ:
ನಾನು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ನದಿಯ ದಡಕ್ಕೂ ಹಣ ಇಡುವ ಜಾಗಕ್ಕೂ ‘ಬ್ಯಾಂಕ್’ ಎಂಬ ಒಂದೇ ಹೆಸರು ಏಕೆ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಸಂಖ್ಯೆಯ ‘ಹತ್ತು’ ಮತ್ತು ಮರ ಹತ್ತುವ ‘ಹತ್ತು’ ಬೇರೆ ಬೇರೆ ಪದಗಳಾಗಿರುವಂತೆ ಇವೂ ಇರಬೇಕೆಂದು ಹೇಳಿದೆನಾದರೂ ಆ ಉತ್ತರ ನನಗೇ ಸಮಾಧಾನ ಕೊಡಲಿಲ್ಲ. ನಿಘಂಟು ಇವನ್ನು ಎರಡು ನಮೂದುಗಳಾಗಿ ಕೊಡುತ್ತದೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ನಿಘಂಟು ಬೇರ್ಪಡಿಸಿರುವುದು ಸರಿ, ಏಕೆಂದರೆ ಇವು ಇಂಗ್ಲಿಷಿಗೆ ಬೇರೆ ಬೇರೆ ದಾರಿಗಳಿಂದ ಬಂದವು. ಆದರೆ ಮೂಲದಲ್ಲಿ ಎರಡೂ ಒಂದೇ ಜರ್ಮಾನಿಕ್ ಕುಟುಂಬಕ್ಕೆ ಸೇರಿವೆ. ನಮ್ಮ ಮನೆಗಳ ಜಗಲಿಯನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ: ಅದು ನೆಲದಿಂದ ಎತ್ತರಿಸಿದ ದಿಬ್ಬವೂ ಹೌದು, ಕುಳಿತುಕೊಳ್ಳುವ ಆಸನವೂ ಹೌದು. ದಿಬ್ಬದ ಅರ್ಥ ಸ್ಕ್ಯಾಂಡಿನೇವಿಯಾದ ಭಾಷೆಗಳ ಮೂಲಕ ಬಂದು ನದಿಯ ದಡವಾಯಿತು. ಆಸನದ ಅರ್ಥ ಇಟಲಿಗೆ ಹೋಗಿ ‘ಬಾಂಕಾ’ ಆಯಿತು. ಅಲ್ಲಿನ ನಗರಗಳಲ್ಲಿ ನಾಣ್ಯ ವಿನಿಮಯ ಮಾಡುವವರು ಮುಂದಿಟ್ಟುಕೊಂಡು ಕೂರುತ್ತಿದ್ದ ಹಲಗೆಯ ಹೆಸರೇ ಅವರ ವೃತ್ತಿಗೂ ಅಂಟಿ, ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂತು. ನಿಮ್ಮ ವಿದ್ಯಾರ್ಥಿಗಳು ಕುಳಿತಿರುವ ‘ಬೆಂಚು’ ಕೂಡ ಇದೇ ಮನೆತನದ್ದು, ಹಳೆಯ ಇಂಗ್ಲಿಷಿನಿಂದಲೇ ಉಳಿದು ಬಂದ ರೂಪ.

ಉತ್ತರ 2:
ದಿವಾಳಿ ಎಂಬರ್ಥದ ‘ಬ್ಯಾಂಕ್ರಪ್ಟ್’ ಪದವನ್ನೂ ಸೇರಿಸಿಕೊಳ್ಳಿ. ಅದರ ಮೂಲವಾದ ಇಟಾಲಿಯನ್ ‘ಬಾಂಕಾ ರೊಟ್ಟಾ’ದ ಅಕ್ಷರಾರ್ಥ ಮುರಿದ ಹಲಗೆ. ದಿವಾಳಿಯಾದವನ ಹಲಗೆಯನ್ನು ಜನ ನಿಜವಾಗಿಯೇ ಮುರಿಯುತ್ತಿದ್ದರು ಎಂಬ ಜನಪ್ರಿಯ ಕಥೆಯನ್ನು ಮಾತ್ರ ತರಗತಿಯಲ್ಲಿ ಇತಿಹಾಸವೆಂದು ಹೇಳಬೇಡಿ. ಮುರಿದುಬಿದ್ದ ವ್ಯವಹಾರಕ್ಕೆ ಅದು ರೂಪಕವೆಂದು ಹೇಳಿದರೆ ಸಾಕು. 1937ರಲ್ಲಿ ಷಿಕಾಗೋದ ವೈದ್ಯ ಬರ್ನಾರ್ಡ್ ಫಾಂಟಸ್ ರಕ್ತದ ಸಂಗ್ರಹಕ್ಕೆ ‘ಬ್ಲಡ್ ಬ್ಯಾಂಕ್’ ಎಂದು ಹೆಸರಿಟ್ಟದ್ದು ಹಣದ ಬ್ಯಾಂಕಿನ ಅರ್ಥವನ್ನೇ ಹಿಗ್ಗಿಸಿ.

ನಿಮ್ಮ ‘ಹತ್ತು’ವಿನಂತಹ ಉದಾಹರಣೆ ಇಂಗ್ಲಿಷಿನಲ್ಲಿ ಬೇಕಿದ್ದರೆ ‘ಮಿಂಟ್’ ಇದೆ. ಪುದೀನದ ಮಿಂಟ್ ಲ್ಯಾಟಿನ್ನಿನ ‘ಮೆಂತಾ’ದಿಂದ ಬಂದದ್ದು. ಟಂಕಸಾಲೆಯ ಮಿಂಟ್ ‘ಮೊನೇಟಾ’ದಿಂದ ಬಂದದ್ದು, ರೋಮಿನಲ್ಲಿ ಜೂನೋ ಮೊನೇಟಾ ದೇವಿಯ ಗುಡಿಯ ಬಳಿ ನಾಣ್ಯ ಟಂಕಿಸುತ್ತಿದ್ದರು. ಇವೆರಡಕ್ಕೂ ನಂಟಿಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ನಾಳೆಯೇ ತರಗತಿಯಲ್ಲಿ ನನ್ನ ಉತ್ತರವನ್ನು ತಿದ್ದಿಕೊಳ್ಳುತ್ತೇನೆ. ವಿಮಾನ ತಿರುಗುವಾಗ ಒಂದು ಬದಿಗೆ ವಾಲುವುದನ್ನೂ ‘ಬ್ಯಾಂಕ್’ ಎನ್ನುತ್ತಾರಲ್ಲ, ಅದು ಯಾವ ಕಡೆಯದು?

ಉತ್ತರ 1:
ದಡದ ಕಡೆಯದು. ದಡದ ಇಳಿಜಾರಿನಿಂದಲೇ ಓರೆಯಾಗಿ ವಾಲುವ ಅರ್ಥ ಹುಟ್ಟಿತು.