‘ಮೊಟ್ಟೆ ಕಟ್ಟಿದೆ’ ಅಂದರೆ ಬಂದಿದೆಯೋ, ಸಿಕ್ಕಿಕೊಂಡಿದೆಯೋ? ಕೋಳಿ ಸಾಕುವವರ ಮಾತು ಬೇಕಾಗಿದೆ

ಬಳಗದ ಎಲ್ಲರಿಗೂ ನಮಸ್ಕಾರ.

ನಾನಿರುವುದು ಕೊಡಗಿನ ಸೋಮವಾರಪೇಟೆ ಕಡೆ. ತವರು ಧಾರವಾಡದ ಹತ್ತಿರ, ಮದುವೆಯಾಗಿ ಇಲ್ಲಿಗೆ ಬಂದು 18 ವರ್ಷವಾಯಿತು. ಮನೆ ಹಿಂದೆ 14 ಕೋಳಿ ಸಾಕಿದ್ದೇನೆ, ಹತ್ತು ನಾಟಿ, ನಾಲ್ಕು ಗಿರಿರಾಜ. ಇವತ್ತು ಕೇಳಬೇಕಾಗಿರುವುದು ‘ಕಟ್ಟು’ ಎಂಬ ಒಂದು ಕ್ರಿಯಾಪದದ ಬಗ್ಗೆ. ಆ ಪದ ತಪ್ಪಾಗಿ ಕೇಳಿಸಿದ್ದರಿಂದ ನನ್ನ ಒಂದು ಕೋಳಿ ಸತ್ತಿತು. ಆದ್ದರಿಂದ ಸ್ವಲ್ಪ ಉದ್ದವಾದರೂ ಓದಿ, ಉತ್ತರ ಬರೆಯಿರಿ.

ಕಳೆದ ಆಟಿ ತಿಂಗಳ ಮಳೆ. ವಾರದಿಂದ ಬಿಸಿಲು ಕಂಡಿರಲಿಲ್ಲ, ಕೋಳಿಗಳು ಗೂಡು ಬಿಟ್ಟು ಅಂಗಳಕ್ಕೂ ಇಳಿದಿರಲಿಲ್ಲ. ಗಿರಿರಾಜದಲ್ಲಿ ಒಂದು ಹ್ಯಾಟೆ, ಅಂದರೆ ಹೆಣ್ಣು ಕೋಳಿ, ಬೆಳಿಗ್ಗೆಯಿಂದ ಮೊಟ್ಟೆ ಬುಟ್ಟಿಯಲ್ಲೇ ಕೂತಿತ್ತು. ಎದ್ದು ಹೋಗುವುದು, ಮತ್ತೆ ಬಂದು ಕೂರುವುದು. ಅತ್ತೆ ನೋಡಿ, “ಮೊಟ್ಟೆ ಕಟ್ಟಿಕೊಂಡದೆ ಕಣವ್ವ, ಸುಮ್ಮನಿರಬೇಡ” ಅಂದರು. ಪೇಟೆಯಲ್ಲಿ ಕೋಳಿಗೆ ಔಷಧಿ ಕೊಡುವ ಒಬ್ಬರಿಗೆ ಫೋನು ಮಾಡಿದೆ. ನನ್ನ ಬಾಯಿಗೆ ಬಂದದ್ದು “ಕೋಳಿಗೆ ಮೊಟ್ಟೆ ಕಟ್ಟಿದೆ” ಎಂಬ ಮಾತು. “ಒಳ್ಳೇದಾಯ್ತಲ್ಲಮ್ಮ, ಎರಡು ದಿನದಲ್ಲಿ ಇಡುತ್ತೆ ಬಿಡಿ” ಅಂದರು ಅವರು. ಅವರ ಕಿವಿಗೆ ಕೇಳಿಸಿದ್ದು ಕೋಳಿ ಮೊಟ್ಟೆಗೆ ಬಂದಿದೆ ಅಂತ. ಓದಿಕೊಂಡವರು ಹೇಳಿದರಲ್ಲ ಎಂದು ನಾನೂ ನೆಮ್ಮದಿಯಾದೆ. ಮಾರನೆಯ ದಿನ ಸಂಜೆ ಕೋಳಿ ಬುಟ್ಟಿಯಲ್ಲೇ ಕತ್ತು ಚೆಲ್ಲಿತ್ತು. ಕೊಯ್ದು ನೋಡಿದಾಗ ಮೊಟ್ಟೆ ಹೊರಬರುವ ಬಾಯಿಯ ಹತ್ತಿರವೇ ಅಡ್ಡ ನಿಂತಿತ್ತು. ಎರಡು ಹಳದಿಯ ದೊಡ್ಡ ಮೊಟ್ಟೆ.

ಅವರನ್ನು ದೂರಲಾರೆ. ಅವರು ಕೇಳಿಸಿಕೊಂಡದ್ದೂ ಸರಿಯಾದ ಕನ್ನಡವೇ. ತೊಗರಿಯಲ್ಲಿ ಕಾಳು ಕಟ್ಟಿದೆ ಅನ್ನುತ್ತೇವೆ, ಕಾಫಿಯಲ್ಲಿ ಕಾಯಿ ಕಟ್ಟಿದೆ ಅನ್ನುತ್ತೇವೆ, ಹೂವಿನ ಮಳೆ ಚೆನ್ನಾಗಿ ಬಿದ್ದರೆ ತೋಟದವರೆಲ್ಲ ಬಾಯಿ ತುಂಬ ಹೇಳುವ ಮಾತು ಅದು. ಅಲ್ಲಿ ಕಟ್ಟುವುದೆಂದರೆ ಒಳಗೊಳಗೇ ರೂಪುಗೊಳ್ಳುವುದು, ಬಲಿಯುವುದು. ಅದೇ ಬಾಯಲ್ಲಿ ಮೂಗು ಕಟ್ಟಿದೆ, ಉಸಿರು ಕಟ್ಟಿತು, ಹಸುವಿಗೆ ಉಚ್ಚೆ ಕಟ್ಟಿದೆ ಅನ್ನುತ್ತೇವೆ. ಇಲ್ಲಿ ಕಟ್ಟುವುದೆಂದರೆ ದಾರಿ ಮುಚ್ಚುವುದು. ಒಂದು ಶುಭ, ಇನ್ನೊಂದು ಸಾವಿನ ಬಾಗಿಲು. ಕೋಳಿಯ ವಿಷಯದಲ್ಲಿ ಎರಡಕ್ಕೂ ಒಂದೇ ಮಾತು, ಎರಡೂ ಒಂದೇ ಜಾಗದಲ್ಲಿ ನಡೆಯುವುದು ಬೇರೆ.

ಅತ್ತೆಯ ಮಾತಿನಲ್ಲಿದ್ದ ‘ಕೊಂಡು’ ಎಂಬುದನ್ನು ನಾನು ಬಿಟ್ಟದ್ದೇ ತಪ್ಪಾಯಿತು ಎಂದು ಬಹಳ ದಿನ ಅಂದುಕೊಂಡಿದ್ದೆ. ‘ಕಟ್ಟಿದೆ’ ಅಂದರೆ ಬೆಳೆದಿದೆ, ‘ಕಟ್ಟಿಕೊಂಡಿದೆ’ ಅಂದರೆ ತಡೆದಿದೆ ಎಂದು ಗೆರೆ ಎಳೆಯಬಹುದೇ? ಕೂತು ಯೋಚಿಸಿದರೆ ಆ ಗೆರೆ ನಿಲ್ಲುವುದಿಲ್ಲ. ಮೂಗು ಕಟ್ಟಿದೆ ಎನ್ನಲು ‘ಕೊಂಡು’ ಬೇಕಿಲ್ಲ, ಆದರೂ ಅದು ತಡೆಯೇ. ಹಕ್ಕಿ ಗೂಡು ಕಟ್ಟಿಕೊಂಡಿದೆ ಎನ್ನುವಲ್ಲಿ ‘ಕೊಂಡು’ ಇದ್ದರೂ ತಡೆ ಇಲ್ಲ. ಕೇಳುವವರಿಗೆ ಅರ್ಥ ಹೊಳೆಯುವುದು ಮೊದಲೇ ಸಂಗತಿ ಗೊತ್ತಿದ್ದರೆ ಮಾತ್ರ. ಫೋನಿನ ಆ ಕಡೆ ಇರುವವರಿಗೆ ಅದು ಗೊತ್ತಿರುವುದಿಲ್ಲ. ಇಂಗ್ಲಿಷಿನವರು ಇದಕ್ಕೆ ಎಗ್ ಬೌಂಡ್ ಎನ್ನುತ್ತಾರೆ, ಬೌಂಡ್ ಎಂದರೂ ಕಟ್ಟಿದ್ದೇ. ಅದನ್ನೇ ಕನ್ನಡಕ್ಕೆ ತಂದು ‘ಮೊಟ್ಟೆ ಬಂಧನ’ ಎಂದರೆ ಯಾವ ಅಜ್ಜಿಗೂ ತಿಳಿಯುವುದಿಲ್ಲ, ಮೊಟ್ಟೆಯನ್ನು ಯಾರೋ ಜೈಲಿಗೆ ಹಾಕಿದಂತೆ ಕೇಳುತ್ತದೆ.

ಸದ್ಯಕ್ಕೆ ನಾನು ಹೇಳುವುದು “ಮೊಟ್ಟೆ ಸಿಕ್ಕಿಕೊಂಡಿದೆ” ಎಂದು. ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡಂತೆ. ತಪ್ಪು ತಿಳಿಯಲು ಇಲ್ಲಿ ಜಾಗವಿಲ್ಲ. ಆದರೆ ಇದು ನಾನು ಕಟ್ಟಿದ ಮಾತು. ನಿಮ್ಮ ಕಡೆ ಹಿರಿಯರು ಆಡುತ್ತಿದ್ದ ಮಾತು ಇದ್ದೇ ಇರಬೇಕು. ಹೆರಿಗೆಯಲ್ಲಿ ಮಗು ಅಡ್ಡ ಬಂತು ಎನ್ನುವ ಹಾಗೆ ಮೊಟ್ಟೆಗೂ ‘ಅಡ್ಡ ಬಂತು’ ಎನ್ನುತ್ತಾರೆಯೇ?

ಇನ್ನೊಂದು ಪದ ‘ಕಾವು’. ಆ ದಿನ ಬುಟ್ಟಿಯಲ್ಲಿ ಕೂತದ್ದನ್ನು ನೋಡಿ ನಮ್ಮ ಮನೆಯ ಮಕ್ಕಳು “ಕಾವಿಗೆ ಕೂತಿದೆ” ಅಂದಿದ್ದರು. ನಾಟಿ ಕೋಳಿಯಾಗಿದ್ದರೆ ನಾನೂ ಹಾಗೇ ಅನ್ನುತ್ತಿದ್ದೆ. ಗಿರಿರಾಜ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಬೆಳೆಸಿದ ತಳಿ, ಸಾಮಾನ್ಯವಾಗಿ ಕಾವಿಗೆ ಕೂರುವ ಜಾತಿಯಲ್ಲ. ಆ ಒಂದು ವಿಷಯ ನನಗಾಗ ನೆನಪಾಗಿದ್ದರೂ ಸಾಕಿತ್ತು. ಕಾವಿಗೆ ಕೂತ ಹ್ಯಾಟೆಯ ಮೈ ಚಪ್ಪಟೆಯಾಗಿ ಹರಡಿರುತ್ತದೆ. ಕೈ ಹತ್ತಿರ ತಂದರೆ ಗರಿ ಕೆದರಿ ಗುರುಗುಟ್ಟುತ್ತದೆ, ಕುಕ್ಕುತ್ತದೆ. ದಿನಕ್ಕೊಮ್ಮೆ ಎದ್ದು ಹೋಗಿ ಮೇದು, ನೀರು ಕುಡಿದು, ನಾರುವ ದೊಡ್ಡ ಹಿಕ್ಕೆ ಹಾಕಿ ಓಡಿ ಬಂದು ಮತ್ತೆ ಕೂರುತ್ತದೆ. ಅದರ ಸಿಟ್ಟೇ ಅದರ ಆರೋಗ್ಯ. ಮೊಟ್ಟೆ ಸಿಕ್ಕಿಕೊಂಡ ಕೋಳಿಗೆ ಸಿಟ್ಟೂ ಇರುವುದಿಲ್ಲ. ಮುಟ್ಟಿದರೂ ಸುಮ್ಮನಿರುತ್ತದೆ, ಕಣ್ಣು ಅರೆ ಮುಚ್ಚುತ್ತದೆ, ಜುಟ್ಟು ಬಿಳಿಚಿಕೊಳ್ಳುತ್ತದೆ. ನಿಂತರೆ ಬಾಲ ಜೋಲುಬಿಟ್ಟು, ಎದೆ ಮೇಲೆತ್ತಿ ನೆಟ್ಟಗೆ ನಿಲ್ಲುತ್ತದೆ. ಅತ್ತೆ ಅದಕ್ಕೆ “ಗೂಟ ನಿಂತಂಗೆ ನಿಂತದೆ” ಅನ್ನುತ್ತಾರೆ. ಹಿಕ್ಕೆ ಬೀಳುವುದಿಲ್ಲ, ಬಿದ್ದರೂ ನೀರುನೀರು. ಎಲ್ಲಕ್ಕಿಂತ ಖಚಿತ ಗುರುತು ತಿಣುಕುವುದು. ‘ತಿಣುಕು’ ಎಷ್ಟು ಒಳ್ಳೆಯ ಪದ ನೋಡಿ, ಬಸುರಿಗೂ ಹಸುವಿಗೂ ಕೋಳಿಗೂ ಒಂದೇ. ಪಶುವೈದ್ಯರಿಗೆ ಫೋನಿನಲ್ಲಿ “ಬೆಳಿಗ್ಗೆಯಿಂದ ತಿಣುಕುತ್ತಿದೆ, ಮೊಟ್ಟೆ ಬರುತ್ತಿಲ್ಲ” ಎಂದು ನಾನು ಹೇಳಿದ್ದಿದ್ದರೆ ಆ ಕೋಳಿ ಉಳಿಯುತ್ತಿತ್ತೋ ಏನೋ.

ಕಾವು ಎಂಬ ಪದದ ಬಗ್ಗೆಯೇ ಒಂದು ಮಾತು, ವಿಷಯ ಬಿಟ್ಟು ಸ್ವಲ್ಪ ಆಚೆ ಹೋದರೂ ಕ್ಷಮಿಸಿ. ನಮ್ಮದು ಕಾಯುವ, ಅಂದರೆ ಬಿಸಿಯಾಗುವ ಕಾವು. ಪಕ್ಕದ ತೋಟದ ಲೈನ್ ಮನೆಯಲ್ಲಿ ತಮಿಳಿನ ಅಕ್ಕ ಒಬ್ಬರಿದ್ದಾರೆ, ಅವರ ಮಾತು ‘ಅಡೈ ಕಾತ್ತಲ್’. ಅಲ್ಲಿನ ಕಾತ್ತಲ್ ಕಾಪಾಡುವ ಕಾಯು. ಕನ್ನಡದಲ್ಲೂ ಕಾಯು ಎರಡು, ಒಲೆಯ ಮೇಲೆ ನೀರು ಕಾಯುವುದು, ಹೊಲ ಕಾಯುವುದು. ಮೊಟ್ಟೆಯ ಮೇಲೆ ಕೂತ ಕೋಳಿ ಎರಡನ್ನೂ ಮಾಡುತ್ತದೆ. ಹ್ಯಾಟೆ ಎಂಬುದೂ ಹಾಗೇ ದೂರದಿಂದ ಬಂದ ಮಾತು. ಹೇಂಟೆ, ಅದಕ್ಕೂ ಹಿಂದೆ ಪೇಂಟೆ. ತಮಿಳಿನ ಪೆಟ್ಟೈ, ತೆಲುಗಿನ ಪೆಟ್ಟ ಇದರ ಅಕ್ಕತಂಗಿಯರು.

ಅದೇ ಅಕ್ಕನಿಂದ ಕಲಿತ ಇನ್ನೊಂದು ಪದ ‘ತೋಲ್ ಮುಟ್ಟೈ’. ಸಿಪ್ಪೆಯಿಲ್ಲದೆ, ಒದ್ದೆ ಚರ್ಮದ ಚೀಲದಂತೆ ಮೆತ್ತಗೆ ಬೀಳುವ ಮೊಟ್ಟೆ. ನಾವು ತೊಗಲು ಮೊಟ್ಟೆ ಎನ್ನುತ್ತೇವೆ, ತೋಲು ತೊಗಲು ಒಂದೇ. ಹುಡುಗರು ಇದನ್ನು ‘ರಬ್ಬರ್ ಮೊಟ್ಟೆ’ ಎಂದು ಆಡಿಕೊಳ್ಳುತ್ತಾರೆ. ಈ ಪದವನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು ಎಂಬುದು ನನ್ನ ಆಸೆ, ಏಕೆಂದರೆ ಅದು ಮುನ್ಸೂಚನೆ. ಕೋಳಿಯ ಹೊಟ್ಟೆಯಲ್ಲಿ ಒಂದು ಮೊಟ್ಟೆ ತಯಾರಾಗಲು 24ರಿಂದ 26 ಗಂಟೆ ಹಿಡಿಯುತ್ತದೆ, ಅದರಲ್ಲಿ ಸುಮಾರು 20 ಗಂಟೆ ಸಿಪ್ಪೆ ಬಲಿಯುವುದಕ್ಕೇ ಹೋಗುತ್ತದೆ. ಒಂದು ಸಿಪ್ಪೆಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಮೇವಿನಲ್ಲಿ ಅದು ಇಲ್ಲದಿದ್ದರೆ ಕೋಳಿ ತನ್ನ ಮೂಳೆಯಿಂದ ತೆಗೆದು ಕೊಡುತ್ತದೆ. ಮೊಟ್ಟೆಯನ್ನು ಹೊರಗೆ ತಳ್ಳುವ ಸ್ನಾಯುವಿಗೂ ಬೇಕಾದದ್ದು ಅದೇ ಕ್ಯಾಲ್ಸಿಯಂ. ಮೆತ್ತಗಿನ ಮೊಟ್ಟೆಯನ್ನು ತಳ್ಳಲು ಹಿಡಿತವೂ ಸಿಗುವುದಿಲ್ಲ. ಹಾಗಾಗಿ ಇವತ್ತು ತೊಗಲು ಮೊಟ್ಟೆ ಇಟ್ಟ ಕೋಳಿಗೆ ನಾಳೆ ಮೊಟ್ಟೆ ಸಿಕ್ಕಿಕೊಳ್ಳಬಹುದು. ನಮ್ಮ ಕೊಡಗಿನ ಮಳೆಗಾಲದಲ್ಲಿ ಬಿಸಿಲಿಲ್ಲ, ಮೈಗೆ ವಿಟಮಿನ್ ಡಿ ಇಲ್ಲ, ತಿಂದ ಕ್ಯಾಲ್ಸಿಯಂ ಕೂಡ ಮೈಗೆ ಹತ್ತುವುದಿಲ್ಲ. ಕಪ್ಪೆಚಿಪ್ಪಿನ ತರಿಯನ್ನೋ, ಒಣಗಿಸಿ ಪುಡಿಮಾಡಿದ ಮೊಟ್ಟೆಯ ಸಿಪ್ಪೆಯನ್ನೋ ಬೇರೆ ತಟ್ಟೆಯಲ್ಲಿ ಇಟ್ಟರೆ ಬೇಕಾದ ಕೋಳಿ ಬೇಕಾದಷ್ಟು ತಿನ್ನುತ್ತದೆ. ‘ಸುಣ್ಣ ಕೊಡಿ’ ಎಂದು ಮಾತ್ರ ಬರೆಯಬೇಡಿ. ಎಲೆಯಡಿಕೆಯ ಸುಣ್ಣ ಕೊಟ್ಟವರನ್ನು ನಾನೇ ಕಂಡಿದ್ದೇನೆ. ಅದು ಸುಟ್ಟು ನೀರಲ್ಲಿ ಅರಳಿಸಿದ ಸುಣ್ಣ, ಬಾಯಿ ಗಂಟಲು ಸುಡುತ್ತದೆ. ಪದ ಸಡಿಲವಾದರೆ ಏನಾಗುತ್ತದೆ ಎಂಬುದಕ್ಕೆ ಇದೂ ಒಂದು ಸಾಕ್ಷಿ.

ಮಳೆ ನಿಂತ ಮೇಲೆ, ಕೈಲ್‌ಪೊಳ್ದ್ ಹಬ್ಬ ಮುಗಿದ ವಾರ, ಇನ್ನೊಂದು ಗಿರಿರಾಜ ಹೀಗೇ ತಿಣುಕತೊಡಗಿತು. ಈ ಸಲ ಕಾಯಲಿಲ್ಲ. ಮೊಣಕೈ ಅದ್ದಿದರೆ ಹಿತವೆನಿಸುವಷ್ಟು ಬೆಚ್ಚಗಿನ ನೀರನ್ನು ಬೇಸಿನ್ನಿಗೆ ಹಾಕಿ, ಹೊಟ್ಟೆ ಮುಳುಗುವ ಹಾಗೆ ಕೋಳಿಯನ್ನು 20 ನಿಮಿಷ ಕೂರಿಸಿದೆವು. ಅತ್ತೆ ಅದರ ರೆಕ್ಕೆ ಹಿಡಿದುಕೊಂಡು ಮಾತಾಡಿಸುತ್ತಿದ್ದರು. ಆಮೇಲೆ ಒರೆಸಿ, ಮೊಟ್ಟೆ ಬರುವ ಬಾಯಿಗೆ ಕೊಬ್ಬರಿ ಎಣ್ಣೆ ಸವರಿ, ಒಲೆಯ ಪಕ್ಕ ಕತ್ತಲಲ್ಲಿ ಕುಕ್ಕೆ ಮುಚ್ಚಿಟ್ಟೆವು. ಎರಡು ಗಂಟೆಯೊಳಗೆ ಇಟ್ಟಿತು. ಹೊಟ್ಟೆ ಹಿಚುಕಲಿಲ್ಲ. ಒಳಗೇ ಮೊಟ್ಟೆ ಒಡೆದರೆ ಚೂರು ಚುಚ್ಚಿ ಕೀವಾಗಿ ಕೋಳಿ ಉಳಿಯುವುದಿಲ್ಲ. ಬೆಚ್ಚನೆಯ ನೀರಿಗೆ ಬಗ್ಗದಿದ್ದರೆ ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಬೇಕು, ಅವರು ಕ್ಯಾಲ್ಸಿಯಂ ಚುಚ್ಚುಮದ್ದು ಕೊಡುತ್ತಾರೆ. ಒಂದೆರಡು ದಿನಕ್ಕಿಂತ ಹೆಚ್ಚು ಕೋಳಿ ತಡೆಯುವುದಿಲ್ಲ. ಪಶು ಸಹಾಯವಾಣಿ 1962ಕ್ಕೂ ಕೇಳಬಹುದು, ಆದರೆ ಅಲ್ಲಿಯೂ ಹೇಳಬೇಕಾದ್ದು ಮಾತಿನಲ್ಲೇ ತಾನೆ.

ಉಳಿದ ಎರಡು ಪದ ಬೇಗ ಮುಗಿಸುತ್ತೇನೆ. ಮೊಟ್ಟೆ ಇಡುವಾಗ ಒಳಗಿನ ಕೆಂಪು ಮಾಂಸ ಒಂದು ಕ್ಷಣ ಹೊರಗೆ ಬಂದು ಒಳಗೆ ಹೋಗುವುದು ಸಹಜ. ಅದು ಹೊರಗೇ ಉಳಿದರೆ ಬೇರೆ ಕೋಳಿಗಳು ಕೆಂಪು ಕಂಡು ಕುಕ್ಕಿ ಕುಕ್ಕಿ ಕೊಲ್ಲುತ್ತವೆ. ಕೂಡಲೇ ಬೇರೆ ಇಡಬೇಕು. ಹಸುವಿಗೆ ಹೀಗಾದರೆ ‘ಮೈ ಹೊರಗೆ ಬಂದಿದೆ’ ಎನ್ನುವುದನ್ನು ಕೇಳಿದ್ದೇನೆ. ಕೋಳಿಗೂ ಅದನ್ನೇ ಅನ್ನುವವರಿದ್ದಾರೆಯೇ? ಇನ್ನೊಂದು, ಹೊಟ್ಟೆ ಉಬ್ಬಿ ನೀರು ತುಂಬಿದ ಚೀಲದಂತಾಗುವುದು. ಹಳದಿ ದಾರಿ ತಪ್ಪಿ ಹೊಟ್ಟೆಯೊಳಗೆ ಬಿದ್ದು ಕೊಳೆಯುವ ಕಾಯಿಲೆ ಇದು. ನಮ್ಮೂರಿನಲ್ಲಿ ಇದಕ್ಕೆ “ಮೊಟ್ಟೆ ತುಂಬಿದೆ” ಅನ್ನುತ್ತಾರೆ, ಕೇಳಿದರೆ ಸಂತೋಷದ ಸುದ್ದಿಯೇ. ಇದಕ್ಕೊಂದು ಬೇರೆ ಮಾತು ಬೇಕೇ ಬೇಕು.

ರಾಣಿಕೇತ್ ರೋಗಕ್ಕೆ ಕನ್ನಡದಲ್ಲಿ ಕೊಕ್ಕರೆ ರೋಗ ಎಂಬ ಹೆಸರಿದೆಯಲ್ಲ, ಲಸಿಕೆ ಹಾಕುವವರೂ ಅದನ್ನೇ ಹೇಳುತ್ತಾರೆ, ಹೇಳಿದ ಕೂಡಲೇ ಎಲ್ಲರಿಗೂ ತಿಳಿಯುತ್ತದೆ. ಅಂಥ ಹೆಸರು ಈ ಮೂರು ನಾಲ್ಕು ಸಂಕಟಗಳಿಗೂ ಬೇಕು. ನಮ್ಮ ಸ್ತ್ರೀಶಕ್ತಿ ಸಂಘದವರಿಗಾಗಿ ಒಂದೇ ಹಾಳೆಯ ಬರಹ ಮಾಡುತ್ತಿದ್ದೇನೆ, ಮಳೆ ಹಿಡಿಯುವ ಮೊದಲು ಹಾಲಿನ ಡೈರಿಯ ಗೋಡೆಗೆ ಅಂಟಿಸಬೇಕು. ಅದರಲ್ಲಿ ‘ಗುದದ್ವಾರ’ ಎಂದು ಬರೆಯಲು ಕೈ ಬರುತ್ತಿಲ್ಲ. ಕೋಳಿಗೆ ಹಿಕ್ಕೆಗೂ ಮೊಟ್ಟೆಗೂ ಒಂದೇ ಬಾಯಿ, ಆ ಪದ ಅರ್ಧ ಮಾತ್ರ ಹೇಳುತ್ತದೆ. ‘ಮೊಟ್ಟೆಬಾಯಿ’ ಎಂದು ಬರೆದಿದ್ದೇನೆ, ಅತ್ತೆಗೆ ಓದಿ ಹೇಳಿದರೆ ಒಪ್ಪಿದರು.

ಅರೆಭಾಷೆಯವರು, ಕೊಡವ ತಕ್ಕ್ ಬಲ್ಲವರು, ತುಳುವರು, ನಮ್ಮ ಧಾರವಾಡದ ತತ್ತಿಯ ಕಡೆಯವರು, ಯಾರಾದರೂ ಬರೆಯಿರಿ. ಒಂದು ಕೋರಿಕೆ: ಪದದ ಜೊತೆ ಊರಿನ ಹೆಸರು ಹಾಕಿ, ಮನೆಯ ಹಿರಿಯರು ಅದನ್ನು ಹೇಗೆ ಹೇಳುತ್ತಾರೋ ಆ ಇಡೀ ವಾಕ್ಯವನ್ನೇ ಬರೆಯಿರಿ, ತಿದ್ದಬೇಡಿ. ಒಂದು ‘ಕೊಂಡು’ ಬಿಟ್ಟುಹೋದರೂ ನನಗೆ ನಷ್ಟವೇ.